ಬೇವಿನ ಸೊಪ್ಪಿಗೆ ಯಾವ ಧರ್ಮ?

ಜಿಲ್ಲೆಯ ಮಕ್ಕಳ ಲಸಿಕೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗನ ಹೆಸರಿನ ಮುಂದೆ ನಿಮ್ಮ ಇಲಾಖೆ ಒಂದು ಸುಳ್ಳನ್ನು ಬರೆದಿದೆ. ಅದನ್ನು ಅಳಿಸಿ ಎಂದು ಕೇಳಲು ಈ ಪತ್ರ. ಸುಳ್ಳೇನೂ ದೊಡ್ಡದಲ್ಲ, 'ಧಾರ್ಮಿಕ ಕಾರಣಕ್ಕೆ ನಿರಾಕರಣೆ' ಎಂಬಷ್ಟೇ. ನೀವು ಅದನ್ನು ಓದಿ ಸಹಿ ಮಾಡಿ ಮೇಲಕ್ಕೆ ಕಳಿಸಿರುತ್ತೀರಿ. ಮೇಲಿನವರು ತಲೆಯಾಡಿಸಿ, 'ಆ ಜನ ಹಾಗೇ' ಎಂದು ಚಹಾ ಕುಡಿದಿರುತ್ತಾರೆ. ಆ ಜನ ಹೇಗೆ ಎಂದು ಆ ಜನರಲ್ಲಿ ಒಬ್ಬಳಾಗಿ ನಿಮಗೆ ತಿಳಿಸಬೇಕಾಗಿದೆ. ಪತ್ರ ಸ್ವಲ್ಪ ಉದ್ದವಾದರೆ ಕ್ಷಮಿಸಿ. ನಿಮ್ಮಂತೆ ಒಂದೇ ಸಾಲಿನಲ್ಲಿ ಒಂದು ಮನೆತನದ ಕಥೆ ಮುಗಿಸುವ ವಿದ್ಯೆ ನನಗೆ ಬರುವುದಿಲ್ಲ.

ನಾನು ಆಳಂದದಲ್ಲಿ ಬಳೆ ಅಂಗಡಿ ಇಟ್ಟುಕೊಂಡವಳು. ತವರು ಅಫಜಲಪುರ ತಾಲ್ಲೂಕಿನ ಕರಜಗಿ. ಅಲ್ಲಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದೆ, ಹಾಗಾಗಿ ಈ ಪತ್ರವನ್ನು ಯಾರು ಬರೆದುಕೊಟ್ಟರು ಎಂದು ವಿಚಾರಣೆ ಮಾಡಿಸುವ ತೊಂದರೆ ತಗೊಳ್ಳಬೇಡಿ. ಮಗಳು ಮಿನಾಜಳನ್ನು ಜೇವರ್ಗಿ ತಾಲ್ಲೂಕಿನ ಒಂದು ಊರಿಗೆ ಕೊಟ್ಟಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಮೊದಲು ಮಾಡುವ ಕೆಲಸ ಅಲ್ಲಿಯ ನರ್ಸಮ್ಮನ ವರ್ಗಾವಣೆ ಎಂಬುದು ನನಗೆ ಗೊತ್ತು.

ಮೂರು ತಾಲ್ಲೂಕಿನ ಹೆಂಗಸರ ಕೈಗೆ ನಾನು ಬಳೆ ಇಟ್ಟಿದ್ದೇನೆ, ಸೀಮಂತದ ಕೈಗೂ ಇಟ್ಟಿದ್ದೇನೆ, ನಿಕಾಹಿನ ಕೈಗೂ ಇಟ್ಟಿದ್ದೇನೆ. ಬಳೆ ಏರಿಸುವಾಗ ಹೆಂಗಸರು ಸುಳ್ಳು ಹೇಳುವುದಿಲ್ಲ, ಕೈ ನನ್ನ ಕೈಯಲ್ಲಿರುತ್ತದೆ. ಕೂಸಿಗೆ ಸೂಜಿ ಹಾಕಿಸಿದೆಯೇನವ್ವ ಎಂದು ನಾನು ಕೇಳುತ್ತೇನೆ. ಕೆಲವರು ಹಾಕಿಸಿರುತ್ತಾರೆ, ಕೆಲವರು ಇಲ್ಲ. ಇಲ್ಲದವರ ಕಾರಣ ಕೇಳಿದರೆ ನಿಮಗೆ ಬೇಸರವಾದೀತು, ಅಷ್ಟು ಸಾದಾ ಕಾರಣಗಳು. ಸೂಜಿ ಹಾಕಿಸಿದರೆ ಕೂಸಿಗೆ ಜ್ವರ ಬರುತ್ತದೆ, ಜ್ವರ ಬಂದರೆ ಮರುದಿನ ಕೂಲಿಗೆ ಹೋಗಲಾಗದು. ಗಂಡ ಪುಣೆಯಲ್ಲಿದ್ದಾನೆ, ಕೇಳದೆ ಹಾಕಿಸಿದರೆ ಬೈಯುತ್ತಾನೆ. ಹೋದ ಸಲ ತಡವಾಗಿ ಹೋಗಿದ್ದಕ್ಕೆ ನರ್ಸು ಹತ್ತು ಜನರೆದುರು ಬೈದಳು. ಮೊಬೈಲಿನಲ್ಲಿ ಒಂದು ವಿಡಿಯೋ ಬಂದಿತ್ತು, ಈ ಸೂಜಿ ಹಾಕಿಸಿದ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಹೌದು, ಆ ವಿಡಿಯೋ ನಮ್ಮ ಓಣಿಗಳಲ್ಲಿ ತಿರುಗಿದ್ದು ನಿಜ, ನಮ್ಮವರು ಅದನ್ನು ನಂಬಿದ್ದೂ ನಿಜ. ಕೊರೋನಾ ಬಂದಾಗ ನಮ್ಮ ಓಣಿಯ ಬಾಯಿಗೆ ಅಡ್ಡ ಕಟ್ಟಿಗೆ ಕಟ್ಟಿ, ಕಾಯಿಪಲ್ಲೆಯವನನ್ನೂ ಒಳಗೆ ಬಿಡದೆ ನೋಡಿಕೊಂಡಿರಲ್ಲ, ಅದಾದ ಮೇಲೆ ನಿಮ್ಮ ಮಾತಿಗಿಂತ ಮೊಬೈಲಿನ ಮಾತು ಹತ್ತಿರದ್ದಾಯಿತು. ಆದರೆ ನಾನು ಹೇಳಹೊರಟಿರುವ ಮನೆಯಲ್ಲಿ ಈ ಯಾವ ಕಾರಣವೂ ಇರಲಿಲ್ಲ. ಅಲ್ಲಿ ಇದ್ದದ್ದು ಒಂದು ಕಾಲು.

ಆ ಮನೆಯ ಯಜಮಾನಿ ನನ್ನ ಬೀಗತಿ ಮೆಹರಾಜಬೇಗಂ. ಗಂಡ ತೀರಿ ಬಹಳ ವರ್ಷವಾಯಿತು. ಹಿರಿಯ ಮಗ ಬುರಾನುದ್ದೀನ ಟೇಲರ್. ಕಿರಿಯ ಮಗ ಖಲೀಲ ನನ್ನ ಅಳಿಯ, ಲಾರಿಯ ಮೇಲೆ ಊರೂರು ತಿರುಗುತ್ತಾನೆ. ಖಲೀಲ ಮತ್ತು ಮಿನಾಜರ ಮಗನೇ ಫರ್ದೀನ. ಕೂಸು ಹುಟ್ಟಿದ್ದು ಆಳಂದದಲ್ಲಿ, ನಲವತ್ತು ದಿನದ ಚಿಲ್ಲಾ ಮುಗಿಯುವ ತನಕ ತಾಯಿ ಮಗು ನನ್ನ ಮನೆಯಲ್ಲೇ ಇದ್ದರು. ಹುಟ್ಟಿದಾಗಿನ ಸೂಜಿ ಹಾಕಿಸಿದವಳು ನಾನೇ. ಒಂದೂವರೆ ತಿಂಗಳಿನ ಸೂಜಿಯ ಹೊತ್ತಿಗೆ ಮಿನಾಜ ಗಂಡನ ಮನೆ ಸೇರಿದ್ದಳು. ಅಲ್ಲಿ ಅಂಗನವಾಡಿಯಲ್ಲಿ ಹಾಕಿಸಿದರು. ಸಂಜೆಗೆ ಕೂಸಿನ ಮೈ ಕಾದ ಹಂಚಾಯಿತು, ತೊಡೆ ಬಾತು ಕೆಂಪಾಯಿತು, ಕಾಲು ಮಡಚಿದರೆ ಚೀರುತ್ತಿತ್ತು. ಜ್ವರ ಬರುವುದು ಸಹಜ, ಹೆದರಬೇಡಿ, ಈ ಔಷಧ ಕುಡಿಸಿ ಎಂದು ಹೇಳಿ ಹೋಗಬೇಕಿದ್ದವರು ಹೇಳದೆ ಹೋಗಿದ್ದರು. ಎರಡು ದಿನಕ್ಕೆ ಜ್ವರ ಇಳಿಯಿತು. ಆದರೆ ಕೂಸು ಕಾಲು ಮಡಚದೆ ಅಳುವುದನ್ನು ಮೆಹರಾಜಬೇಗಂ ನೋಡಿಬಿಟ್ಟಿದ್ದರು. ಅಂದೇ ಹೇಳಿದರು, ಈ ಮನೆಯ ಕೂಸಿಗೆ ಇನ್ನು ಸೂಜಿ ಇಲ್ಲ.

ಯಾಕೆ? ಬುರಾನುದ್ದೀನನ ಬಲಗಾಲು ಒಣ ಕಟ್ಟಿಗೆಯಂತೆ ಸೊರಗಿಹೋಗಿದೆ. ಹೊಲಿಗೆ ಯಂತ್ರಕ್ಕೆ ಮೋಟರು ಹಾಕಿಸಿಕೊಂಡಿದ್ದಾನೆ, ತುಳಿಯಲು ಆಗದು. ಅವನು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ವಯಸ್ಸಿನಲ್ಲಿ ಜ್ವರ ಬಂದಿತ್ತು. ಊರಿನ ಕಂಪೌಂಡರನ ಹತ್ತಿರ ಒಯ್ದರು, ಅವನು ಕುಂಡಿಗೆ ಒಂದು ಸೂಜಿ ಚುಚ್ಚಿದ. ಬೆಳಗಾದರೆ ಕಾಲು ಏಳಲಿಲ್ಲ. ಮೆಹರಾಜಬೇಗಂ ಅವರ ಪಾಲಿಗೆ ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ಸೂಜಿ ಒಳಗೆ ಹೋಯಿತು, ಕಾಲು ಹೊರಗೆ ಹೋಯಿತು. ಹಾವು ಕಡಿದವನು ಹಗ್ಗಕ್ಕೂ ಹೆದರುತ್ತಾನೆ ಎನ್ನುತ್ತಾರೆ. ಹಾಗೆ ಹೆದರಿದವಳನ್ನು ಇಷ್ಟು ವರ್ಷದಲ್ಲಿ ಸರ್ಕಾರದ ಕಡೆಯಿಂದ ಒಬ್ಬರಾದರೂ ಕೂರಿಸಿಕೊಂಡು, ಅಮ್ಮಾ, ಅದು ಹಾವಲ್ಲ ಎಂದು ಹೇಳಿದರೇ?

ನೀವು ಹೇಳಲಿಲ್ಲ ಎನ್ನಲಾರೆ. ಹೇಳಿದಿರಿ. ಬೇರೆಯದನ್ನು ಹೇಳಿದಿರಿ.

ಒಂದು ದಿನ ಓಣಿಯಲ್ಲಿ ಜೀಪು ಬಂದು ನಿಂತಿತು. ಮುಂದೆ ಮೈಕು, ಹಿಂದೆ ಒಬ್ಬ ಪೊಲೀಸು, ನಡುವೆ ನಿಮ್ಮ ಸಿಬ್ಬಂದಿ. ಅವರ ಜೊತೆ ಕಲಬುರಗಿಯಿಂದ ಕರೆಸಿದ ಒಬ್ಬ ಮೌಲಾನಾ. ಮೌಲಾನಾ ಸಾಹೇಬರು ಒಳ್ಳೆಯವರು, ಅವರ ಮೇಲೆ ನನ್ನ ದೂರಿಲ್ಲ. ಮಕ್ಕಳ ಪ್ರಾಣ ಕಾಪಾಡುವುದು ದೀನಿನ ಕೆಲಸ, ಧರ್ಮದ ಕೆಲಸ, ಇದರಲ್ಲಿ ಹರಾಮಿನದು ಏನೂ ಇಲ್ಲ ಎಂದು ಚೆಂದಾಗಿ ವಿವರಿಸಿದರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು. ಮೆಹರಾಜಬೇಗಂ ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿ, ಆಮೇಲೆ ಬಾಯಿ ತೆರೆದರು.

"ಮಜಹಬಿನ ಮಾತು ಯಾರ್ ಕೇಳ್ಯಾರ್ರಿ? ನನ್ನ ಮಗನ ಕಾಲು ಯಾಕ ಹೋತು, ಅದಷ್ಟ ಹೇಳ್ರಿ. ಹೇಳಿದ್ರ ನಾಳೆನೇ ಕೂಸಿನ್ನ ಹೊತ್ತಗೊಂಡು ಬರ್ತೇನಿ."

ಮೌಲಾನಾ ನಿಮ್ಮ ಸಿಬ್ಬಂದಿಯ ಮುಖ ನೋಡಿದರು. ಸಿಬ್ಬಂದಿ ಪೊಲೀಸನ ಮುಖ ನೋಡಿದರು. ಪೊಲೀಸು ಗಡಿಯಾರ ನೋಡಿದ. ಮೈಕಿನಲ್ಲಿ ಹಾಡು ಹಾಕಿಕೊಂಡು ಜೀಪು ಮುಂದಿನ ಓಣಿಗೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದನ್ನು ಚಿಕ್ಕವಳಿದ್ದಾಗಿಂದ ಕೇಳಿದ್ದೆ, ಸರ್ಕಾರಿ ವಾಹನದಲ್ಲಿ ಬಂದು ಹಾಕುತ್ತಾರೆಂದು ಆಗ ತಿಳಿದಿರಲಿಲ್ಲ. ಸ್ವಾಮಿ, ಒಬ್ಬ ಹೆಣ್ಣುಮಗಳು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಕೇಳಿದರೆ ಮೌಲಾನಾ ಅವರನ್ನು ಮುಂದೆ ಮಾಡುವುದು ಯಾವ ವೈದ್ಯಶಾಸ್ತ್ರ? ಅವರ ಮನೆಯ ಗೋಡೆಗೆ ಗೋಡೆ ಹತ್ತಿದ ಬೀರಲಿಂಗಪ್ಪನ ಮನೆಯಲ್ಲೂ ಮೊಮ್ಮಗಳಿಗೆ ಆಗ ಸೂಜಿ ಬಾಕಿ ಇತ್ತು. ಅವರ ಮನೆಗೆ ಯಾವ ಮಠದ ಸ್ವಾಮಿಗಳನ್ನೂ ನೀವು ಕರೆದುಕೊಂಡು ಹೋಗಲಿಲ್ಲ. ಅವರಿಗೆ 'ಮುಂದಿನ ವಾರ ಬರ್ರಿ' ಎಂದಿರಿ. ಅವರದು ಮರೆವು, ನಮ್ಮದು ಮತ.

ಆ ಪ್ರಶ್ನೆಗೆ ಉತ್ತರ ಮನೆಯಲ್ಲೇ ಒಬ್ಬನಿಗೆ ಗೊತ್ತಿತ್ತು. ಬುರಾನುದ್ದೀನ ಒಮ್ಮೆ ಲೇಸು, ಗುಂಡಿ ಕೊಳ್ಳಲು ಆಳಂದಕ್ಕೆ ಬಂದವನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದ. ಅಂಗವಿಕಲರ ಶಿಬಿರದಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಕಾಲು ಮುಟ್ಟಿ ನೋಡಿ ಎಲ್ಲ ಬಿಡಿಸಿ ಹೇಳಿದ್ದರಂತೆ. ಬಂದಿದ್ದ ಜ್ವರವೇ ಪೋಲಿಯೋ. ಅಂಥ ಜ್ವರ ಮೈಯಲ್ಲಿದ್ದಾಗ ಯಾವ ಸೂಜಿ ಚುಚ್ಚಿದರೂ ಒಮ್ಮೊಮ್ಮೆ ಆ ಕಡೆಯ ಕಾಲನ್ನೇ ಅದು ಹಿಡಿಯುತ್ತದೆ. ಮೊದಲೇ ಹನಿ ಹಾಕಿಸಿದ್ದರೆ ಆ ಜ್ವರವೇ ಬರುತ್ತಿರಲಿಲ್ಲ. ಹಾಗಾದರೆ ತಾಯಿಗೆ ಯಾಕೆ ಹೇಳಲಿಲ್ಲಪ್ಪ ಎಂದೆ. ಅವನು ಕಪ್ಪು ಕೆಳಗಿಟ್ಟ.

"ಸೂಜಿ ಅಂದ್ರ ತಪ್ಪು ಕಂಪೌಂಡರಂದು ಆಗ್ತದರಿ. ಪೋಲಿಯೋ ಅಂದ್ರ ಅಮ್ಮೀದು ಆಗ್ತದ. ಆಕಿ ಆ ಕಂಪೌಂಡರಗ ಬೈಕೋತ ಇಷ್ಟು ವರ್ಷ ಬದುಕ್ಯಾಳ. ಬೈಯಾಕ ಅವ ಇರ್ಲಿ ಬಿಡ್ರಿ."

ಹನಿ ಹಾಕಿಸಲು ಮೆಹರಾಜಬೇಗಂ ಹೋಗಿರಲಿಲ್ಲ ಎಂದಲ್ಲ. ಒಮ್ಮೆ ಹೋಗಿದ್ದರು. ಆಸ್ಪತ್ರೆಯ ಸಾಲಿನಲ್ಲಿ ಕೂಸು ಎತ್ತಿಕೊಂಡು ಮಧ್ಯಾಹ್ನದ ತನಕ ನಿಂತು, ಭಾಷೆ ಬರದ ಹೊಸ ಸೊಸೆ ಎಂದು ನಗಿಸಿಕೊಂಡು, ಬೈಸಿಕೊಂಡು, ಹನಿ ತೀರಿತು ಎನ್ನಿಸಿಕೊಂಡು ತಿರುಗಿ ಬಂದಿದ್ದರು. ಮತ್ತೆ ಹೋಗಲಿಲ್ಲ. ಇದನ್ನು ಓದುವಾಗ ನಿಮಗೆ 'ನಿರಾಕರಣೆ' ಎಂಬ ಪದ ನೆನಪಾದರೆ ಯಾರು ಯಾರನ್ನು ನಿರಾಕರಿಸಿದರು ಎಂದು ಒಮ್ಮೆ ಯೋಚಿಸಿ. ಮೈಕು ಕಟ್ಟಿಕೊಂಡು ಬಂದ ನೀವು ಆ ತಾಯಿಗೆ ಬರೀ ಒಂದು ಸೂಜಿಗೆ ಒಪ್ಪು ಎಂದು ಕೇಳುತ್ತಿರಲಿಲ್ಲ. ಮಗನ ಕಾಲಿನ ತಪ್ಪನ್ನು ಓಣಿಯವರೆಲ್ಲರ ಎದುರು ನಿನ್ನ ಮೇಲೆ ಎಳೆದುಕೋ ಎಂದು ಕೇಳುತ್ತಿದ್ದಿರಿ. ನಿಮಗೆ ಅದು ತಿಳಿದಿರಲಿಲ್ಲ, ತಿಳಿದುಕೊಳ್ಳುವ ಗರಜೂ ನಿಮಗಿರಲಿಲ್ಲ.

ಇಷ್ಟರಲ್ಲಿ ಬೀರಲಿಂಗಪ್ಪನ ಮೊಮ್ಮಗಳು ಅಮೃತಳಿಗೆ ಗೊಬ್ಬರ ಎದ್ದಿತು. ನೀವು ದಡಾರ ಎನ್ನುತ್ತೀರಿ. ನಮ್ಮ ಕಡೆ ಮನೆಯಲ್ಲಿ ಗೊಬ್ಬರ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಕೂಸಿನ ತಾಯಿ ಹೊಸ್ತಿಲು ದಾಟುವುದಿಲ್ಲ. ಬೇನೆ ಮನೆಯಲ್ಲಿರುವ ತನಕ ಅದರ ಹೆಸರನ್ನು ಬಾಗಿಲಲ್ಲಿ ನಿಂತು ಬಾಯಿಂದ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಬೇವು ಹೇಳುತ್ತದೆ. ಇದರಲ್ಲಿ ಹಿಂದೂ ಮುಸ್ಲಿಂ ಎಂಬುದಿಲ್ಲ, ಎರಡೂ ಮನೆಯಲ್ಲಿ ಇದೇ ರೀತಿ. ಇದರಿಂದ ರೋಗ ವಾಸಿಯಾಗುತ್ತದೆ ಎಂದು ನಾನು ವಾದಿಸುತ್ತಿಲ್ಲ, ಮೂಢನಂಬಿಕೆ ಎಂದು ಬೇಕಾದರೆ ಇನ್ನೊಂದು ಮೈಕು ಕಟ್ಟಿ ಸಾರಿರಿ. ಆದರೆ ಬಾಗಿಲಿಗೆ ಬೇವು ಕಂಡರೆ ಒಳಗೆ ಯಾವುದೋ ಕೂಸು ನರಳುತ್ತಿದೆ ಎಂಬುದು ನಮ್ಮಲ್ಲಿ ಬಳೆ ಮಾರುವವಳಿಗೂ ತಿಳಿಯುತ್ತದೆ, ಹಾಲಿನವನಿಗೂ ತಿಳಿಯುತ್ತದೆ.

ಮಿನಾಜ ಫೋನಿನಲ್ಲಿ ಅಳುತ್ತ, ಪಕ್ಕದ ಮನೆಗೆ ಬೇವು ಕಟ್ಟಿದ್ದಾರೆ ಎಂದಳು. ಫರ್ದೀನ ದಿನಾ ಅಮೃತಳ ಜೊತೆ ಅದೇ ಕಟ್ಟೆಯ ಮೇಲೆ ಆಡುತ್ತಿದ್ದ. ಅವನಿಗೆ ಗೊಬ್ಬರದ ಸೂಜಿಯ ತಿಂಗಳು ಕಳೆದುಹೋಗಿತ್ತು. ಬುರಾನುದ್ದೀನನಿಗೆ ಫೋನು ಮಾಡಿ ಬೀಗತಿಯ ಮಗ ಎಂಬ ಮುಲಾಜೂ ಇಲ್ಲದೆ ಬೈದೆ. ನಿನ್ನ ತಾಯಿಯ ಮನಸ್ಸು ಕಾಯಲು ನನ್ನ ಮೊಮ್ಮಗನನ್ನು ಅಡವು ಇಡಬೇಡ ಎಂದೆ. ಅವನು ಫೋನು ಇಟ್ಟ.

ಅಂದೇ ಹೇಳಿದನಂತೆ. ಮೆಹರಾಜಬೇಗಂ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು, ಹೆಚ್ಚುವುದನ್ನು ನಿಲ್ಲಿಸದೆ ಕೇಳಿದರು. ಮಿನಾಜ ಅಲ್ಲೇ ಇದ್ದಳು. ಅತ್ತೆ ಅತ್ತರೆ ಹೇಗೆ ಸಮಾಧಾನ ಮಾಡಲಿ ಎಂದು ಕಾಯುತ್ತಿದ್ದಳು. ಅವರು ಅಳಲಿಲ್ಲ. ಆ ದಿನ ಹನಿ ತೀರಿತು ಅಂದಾಗ ಮರುದಿನ ಮತ್ತೆ ಹೋಗಿದ್ದರೆ ನಿನ್ನ ಕಾಲು ಉಳಿಯುತ್ತಿತ್ತೇನು ಎಂದು ಮಗನನ್ನು ಒಂದೇ ಮಾತು ಕೇಳಿದರು. ಅವರು ಎದ್ದು ಕೈ ತೊಳೆದು, ಬುರ್ಖಾ ಹಾಕಿಕೊಂಡು, ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರಟರು. ಮಿನಾಜ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದಳು.

ಅಧಿಕಾರಿಗಳೇ, ನೀವು ಜೀಪು, ಮೈಕು, ಪೊಲೀಸು, ಮೌಲಾನಾ ಎಲ್ಲ ಹೂಡಿ ಒಪ್ಪಿಸಲಾಗದ ಹೆಂಗಸು ತಾನಾಗಿ ನಡೆದು ನಿಮ್ಮ ಬಾಗಿಲಿಗೆ ಬಂದಳು. ಅಲ್ಲಿ ಏನಾಯಿತು ಗೊತ್ತೇ?

ಅಂದು ಸೂಜಿ ಹಾಕುವ ಗುರುವಾರ ಆಗಿರಲಿಲ್ಲ.

ಅಲ್ಲಿದ್ದ ನರ್ಸಮ್ಮನನ್ನು ಸೀಮಾ ಎಂದು ಕರೆಯೋಣ, ನಿಜ ಹೆಸರು ನಿಮಗೆ ಬೇಡ. ಗೊಬ್ಬರದ ಲಸಿಕೆಯ ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದು ಇರುತ್ತದಂತೆ, ಒಮ್ಮೆ ಬಿಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಉಳಿದದ್ದು ಚೆಲ್ಲಬೇಕಂತೆ. ಒಂದೇ ಮಗುವಿಗೆ ಬಿಚ್ಚಿ ಚೆಲ್ಲಿದರೆ ಮೇಲಿನಿಂದ ನೋಟೀಸು ಬರುತ್ತದೆ ಎಂದು ಸೀಮಾ ಹೇಳಿದಳು. ಆ 'ಮೇಲೆ' ಎಂದರೆ ನೀವು. ಒಂದೇ ಮಗು ಬಂದರೂ ಬಾಟಲಿ ಬಿಚ್ಚಲೇಬೇಕು ಎಂದು ನಿಮ್ಮದೇ ನಿಯಮ ಇದೆ ಎಂದು ಆಮೇಲೆ ಒಬ್ಬರು ನನಗೆ ಹೇಳಿದರು. ಇದ್ದರೆ ಬಹಳ ಸಂತೋಷ. ಆ ನಿಯಮಕ್ಕಿಂತ ನಿಮ್ಮ ನೋಟೀಸಿನ ಭಯ ಸೀಮಾಳ ಮೇಜಿಗೆ ಮೊದಲು ತಲುಪಿತ್ತು. ಮೆಹರಾಜಬೇಗಂ ಜೀವಮಾನದಲ್ಲಿ ಯಾರೆದುರೂ ಕೈ ಮುಗಿದವರಲ್ಲ. ಅಂದು ಮುಗಿದರು.

"ನೀವು ಜೀಪ್ ತಗೊಂಡು ನನ್ನ ಬಾಗಿಲಿಗೆ ಬಂದಿದ್ರಿ ಬೇಟಿ. ಇವತ್ತ ನಾನೇ ಬಂದೀನಿ. ಹಾಕ್ರಿ."

"ಗುರುವಾರ ಬರ್ರಿ ಅಮ್ಮಿ. ನನ್ನ ಕೈಯಾಗ ಏನಿಲ್ರಿ." ಸೀಮಾಳ ಕಣ್ಣಲ್ಲೂ ನೀರಿತ್ತು ಎಂದು ಮಿನಾಜ ಹೇಳಿದಳು. ನಾನು ನಂಬುತ್ತೇನೆ.

ಗುರುವಾರಕ್ಕೆ ಮೊದಲೇ ಫರ್ದೀನನ ಕಣ್ಣು ಕೆಂಪಾಗಿ ಮೂಗು ಸೋರಿತು, ಕಿವಿಯ ಹಿಂದಿನಿಂದ ಕೆಂಪು ಗುಳ್ಳೆ ಶುರುವಾಗಿ ಎದೆಗೆ ಇಳಿಯಿತು. ಖಲೀಲ ಲಾರಿಯ ಮೇಲೆ ದೂರದಲ್ಲಿದ್ದ. ಬೀರಲಿಂಗಪ್ಪ ತನ್ನ ಹಿತ್ತಲ ಮರದಿಂದ ಬೇವು ಮುರಿದು ತಂದು ತಾನೇ ನಮ್ಮವರ ಬಾಗಿಲಿಗೆ ಕಟ್ಟಿದ. ಅದೇ ಮರದ ಸೊಪ್ಪು ಅವನ ಬಾಗಿಲಿನಲ್ಲಿ ಇನ್ನೂ ಒಣಗುತ್ತಿತ್ತು.

ಗುರುವಾರ ನಿಮ್ಮ ತಂಡ ಬಂತು. ಅಂದು ಸೀಮಾ ಇರಲಿಲ್ಲ, ಬೇರೆ ಕಡೆಯಿಂದ ಬಂದವರು. ರೂಢಿಯಂತೆ ಮಿನಾಜ ಒಳಗೇ ಉಳಿದಳು. ಮೆಹರಾಜಬೇಗಂ ಬೇವಿನ ಹಿಂದೆ ನಿಂತು ಇವತ್ತು ಆಗುವುದಿಲ್ಲ ಎಂದರು. ಕಾರಣ ಬಾಯಿಂದ ಹೇಳುವ ಹಾಗಿರಲಿಲ್ಲ, ಎದುರಿಗೆ ತೂಗುತ್ತಿತ್ತು. ನಿಮ್ಮವರು ಬೇವು ನೋಡಿದರು, ಬುರ್ಖಾ ನೋಡಿದರು, ಬುರ್ಖಾ ಮಾತ್ರ ಬರೆದುಕೊಂಡರು. ಪಕ್ಕದ ಬಾಗಿಲಿನ ಬೇವು ನೋಡಿ ಅಲ್ಲಿ 'ಮಗು ಅಸ್ವಸ್ಥ' ಎಂದು ಬರೆದರು, ಅದು ಸರಿಯಾಗಿತ್ತು. ಒಂದೇ ಮರ, ಒಂದೇ ಟೊಂಗೆ, ಕಟ್ಟಿದ ಕೈಯೂ ಒಂದೇ. ಬೇವಿನ ಸೊಪ್ಪಿಗೂ ಧರ್ಮ ಹಚ್ಚುವ ನಿಮ್ಮ ಇಲಾಖೆಯ ಜಾಣತನಕ್ಕೆ ಏನು ಹೇಳಲಿ?

ಈ ಬರವಣಿಗೆ ನಮಗೆ ಹೇಗೆ ತಿಳಿಯಿತು ಎಂದು ಕೇಳಬಹುದು. ಕೂಸಿನ ಎದೆಗೆ ಕಫ ಕಟ್ಟಿ, ಉಸಿರಿಗೆ ಪಕ್ಕೆ ಒಳಗೆ ಹೋಗತೊಡಗಿದಾಗ ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರು ಕಂಪ್ಯೂಟರು ನೋಡಿ, ಮೆಹರಾಜಬೇಗಂ ಅವರ ಕಡೆ ತಿರುಗಿ, ಧರ್ಮ ಧರ್ಮ ಅಂತ ಮಗುವಿಗೆ ಈ ಗತಿ ತಂದಿರಲ್ಲ ಎಂದರು. ಅಷ್ಟರಲ್ಲಿ ಊರಿಗೆ ಬಂದಿದ್ದ ಖಲೀಲ ಎದ್ದು ನಿಂತ. ಮೆಹರಾಜಬೇಗಂ ಮಗನ ಕೈ ಹಿಡಿದು ಕೂರಿಸಿದರು. ಬೈಸಿಕೊಂಡು ನಿಲ್ಲುವುದು ಅವರಿಗೆ ಹಳೆಯ ಅಭ್ಯಾಸ. ನನಗೆ ಆ ಅಭ್ಯಾಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಯವಾಗಿ ಹೇಳಬೇಕು. ಆ ದಿನ ಸೀಮಾ ಬಾಟಲಿ ಬಿಚ್ಚಿದ್ದರೂ ತಡವಾಗಿತ್ತೇನೋ, ಅಷ್ಟರಲ್ಲಿ ರೋಗ ಮೈಯೊಳಗೆ ಹೊಕ್ಕಿರಬಹುದು ಎಂದು ಅಲ್ಲಿಯ ದೊಡ್ಡ ಡಾಕ್ಟರು ಹೇಳಿದ್ದಾರೆ. ಒಂಬತ್ತು ತಿಂಗಳು ತುಂಬಿದಾಗಲೇ ಹಾಕಿಸಬೇಕಿತ್ತು. ಮೆಹರಾಜಬೇಗಂ ಹೆದರಿ ಬೇಡ ಎಂದದ್ದು ತಪ್ಪು, ನಾನು ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆದರೆ ಮೌಲಾನಾ ಬಂದ ದಿನ ಆ ಜೀಪಿನಲ್ಲಿ ಕಾಲಿನ ಮಾತು ಹೇಳಬಲ್ಲ ಒಬ್ಬರು ಇದ್ದಿದ್ದರೆ ಮರುದಿನವೇ ಕೂಸಿಗೆ ಸೂಜಿ ಬೀಳುತ್ತಿತ್ತು, ಆಗಿನ್ನೂ ಬೀರಲಿಂಗಪ್ಪನ ಬಾಗಿಲಿಗೆ ಬೇವು ಬಂದಿರಲಿಲ್ಲ. ಅವರ ತಪ್ಪಿಗೆ ಹೆಸರು ಭಯ. ನಿಮ್ಮ ತಪ್ಪಿಗೆ ಏನು ಹೆಸರು, ನೀವೇ ಹೇಳಿ.

ಫರ್ದೀನ ಬದುಕಿ ಮನೆಗೆ ಬಂದಿದ್ದಾನೆ. ಉಣ್ಣುತ್ತಾನೆ, ನಗುತ್ತಾನೆ. ಆದರೆ ಕಿವಿ ಸೋರಿತ್ತು. ಹಿಂದಿನಿಂದ ಕರೆದರೆ ಒಮ್ಮೊಮ್ಮೆ ತಿರುಗುತ್ತಾನೆ, ಒಮ್ಮೊಮ್ಮೆ ಇಲ್ಲ. ಇನ್ನು ಕೆಲವು ತಿಂಗಳು ನೋಡೋಣ, ಆಮೇಲೆ ಪರೀಕ್ಷೆ ಮಾಡೋಣ ಎಂದಿದ್ದಾರೆ. ಹೋದ ವಾರ ಮೆಹರಾಜಬೇಗಂ ನನ್ನ ಅಂಗಡಿಗೆ ಫೋನು ಮಾಡಿ ಒಂದು ಡಜನ್ ಗಾಜಿನ ಬಳೆ ಬೇಕು ಎಂದರು. ಗಂಡ ಹೋದ ಮೇಲೆ ಬಳೆಯನ್ನು ಮುಟ್ಟಿಯೂ ನೋಡದವರು. ಕಾರಣ ಕೇಳದೆ ನಾನೇ ತೆಗೆದುಕೊಂಡು ಹೋದೆ. ಅವುಗಳನ್ನು ಅವರು ಕೈಗೆ ಏರಿಸಲಿಲ್ಲ. ದಾರದಲ್ಲಿ ಪೋಣಿಸಿಕೊಂಡು, ಆಡುತ್ತಿದ್ದ ಫರ್ದೀನನ ಬೆನ್ನ ಹಿಂದೆ ಸದ್ದಿಲ್ಲದೆ ಕೂತು ಝಣ್ ಎನ್ನಿಸಿ ಅವನ ಕುತ್ತಿಗೆ ತಿರುಗುತ್ತದೆಯೇ ಎಂದು ನೋಡುತ್ತಿದ್ದರು. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ. ನನ್ನನ್ನು ನೋಡಿ, "ನಾ ತಡ ಮಾಡಿದ್ನೇನ್ರಿ?" ಎಂದರು. ನಾನು ಹೊರಗೆ ಬಂದು ಅತ್ತೆ.

ನನ್ನ ಬೇಡಿಕೆ ಇಷ್ಟು. ನಿಮ್ಮ ಕಂಪ್ಯೂಟರಿನಿಂದ ಆ ಮಾತು ಅಳಿಸಿ, ನಡೆದದ್ದು ನಡೆದ ಹಾಗೆ ಬರೆಯಿರಿ. ಹೆದರಿ ಬೇಡ ಎಂದರು, ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ, ತಾವಾಗಿ ಬಂದಾಗ ತಿರುಗಿ ಕಳಿಸಿದೆವು ಎಂದು ಬರೆಯಿರಿ. ವಾರದ ಯಾವ ದಿನವಾದರೂ ಸರಿ, ಒಂದು ಮಗು ಬಂದರೆ ಬಾಟಲಿ ಬಿಚ್ಚಿದ್ದಕ್ಕೆ ಯಾವ ನರ್ಸಿಗೂ ನೋಟೀಸು ಕೊಡುವುದಿಲ್ಲ ಎಂದು ಸಹಿ ಹಾಕಿ ಕಳಿಸಿ. ಆಮೇಲೆ ನೀವೇ ಒಂದು ದಿನ ಆ ಮನೆಗೆ ಬನ್ನಿ. ಮೆಹರಾಜಬೇಗಂ ಅವರ ಎರಡೂ ಪ್ರಶ್ನೆಗಳಿಗೆ, ಮಗನ ಕಾಲಿನದಕ್ಕೂ ಮೊಮ್ಮಗನ ಕಿವಿಯದಕ್ಕೂ, ಎದುರು ಕೂತು ಉತ್ತರ ಹೇಳಿ. ಬರುವಾಗ ಮೌಲಾನಾ ಬೇಡ, ಪೊಲೀಸು ಬೇಡ. ಮೈಕಂತೂ ಖಂಡಿತ ಬೇಡ, ಆ ಮನೆಯಲ್ಲಿ ಈಗ ಎಲ್ಲರೂ ಬಹಳ ಸಣ್ಣ ಸದ್ದೊಂದಕ್ಕೆ ಕಿವಿಗೊಟ್ಟು ಕೂತಿದ್ದಾರೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ನಿರಾಕರಿಸಿದ ಮನೆತನದವಳು,
ಆ ಕೂಸಿನ ಇನ್ನೊಬ್ಬ ಅಜ್ಜಿ,
ಹಮೀದಾಬೇಗಂ
ಬಳೆ ಅಂಗಡಿ, ಆಳಂದ